ಅರಿಸಿನದ ಬಟ್ಟೆಯೊಳಗಿನ ಬೆಳ್ಳಿ ಆಳು

ತಾಂಡ್ಯದ ಫ್ಯಾಕ್ಟರಿಯವರು ನನ್ನನ್ನು ಇಟ್ಟುಕೊಂಡಿದ್ದು ಕೆಲಸಕ್ಕೋ ಮಿಮಿಕ್ರಿಗೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಸೂಪರ್‌ವೈಸರ್ ಮೂಗಿನಲ್ಲಿ ಬೈಯುವುದು, ಕ್ಯಾಂಟೀನಿನವನು ಮುಖ ತಿರುಗಿಸಿಕೊಂಡು ಸಾರು ಹಾಕುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಒಂದು ದಿನ ಸೂಪರ್‌ವೈಸರ್ ಮುಖದ ನಡುವೆ ಮಸಿ ಬಳಿದ ಹಾಗೆ ಕಂಡಿತು. ಆ ಮುಖಕ್ಕೆ ಒಪ್ಪುತ್ತಿತ್ತು, ಸುಮ್ಮನಾದೆ. ಸಂಜೆ ಟಿ. ನರಸೀಪುರದ ಮನೆಗೆ ಬಂದು ಬಲಗಣ್ಣು ಉಜ್ಜಿಕೊಳ್ಳುತ್ತಾ ಎಡಗಣ್ಣೊಂದರಲ್ಲೇ ನೋಡಿದರೆ, ಅವ್ವನ ಮೂಗೇ ಇಲ್ಲ.

ನಂಜನಗೂಡಿನಲ್ಲಿರುವ ಭಾವ, ಅಂದರೆ ಅಕ್ಕನ ಗಂಡ, ಮೈಸೂರಿಗೆ ಕರೆದುಕೊಂಡು ಹೋದರು. ಕಣ್ಣಿನ ಡಾಕ್ಟರು ಎಡಗಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು.

“ಕಣ್ಣಿನ ಒಳಗೆ, ಹಿಂಬದೀಲಿ ಗಡ್ಡೆ ಇದೆ. ಇದು ಅಲ್ಲೇ ಹುಟ್ಟಿದ್ದಲ್ಲ ಅನ್ಸುತ್ತೆ. ಮೈಯಲ್ಲಿ ಬೇರೆ ಎಲ್ಲಾದ್ರೂ ಗಂಟು, ಊತ?”

ನಾನು ಭಾವನನ್ನು ನೋಡಿದೆ. ಭಾವ ಫ್ಯಾನು ನೋಡಿದರು.

“ಭಾವ, ನೀವು ಒಸಿ ಆಚೆ ಓಗ್ತೀರಾ?”

“ಯಾಕ್ಲಾ?”

“ಓಗಿ ಅಂದ್ರೆ!”

ಗಂಟು ವೃಷಣದಲ್ಲಿತ್ತು. ನೋವಿರಲಿಲ್ಲ, ಯಾರಿಗೆ ಬಿಚ್ಚಿ ತೋರಿಸುವುದು ಎಂದು ಬಿಟ್ಟಿದ್ದೆ. ಭಾವನ ಸಹಿ ಹಾಕಿಸಿಕೊಂಡು ಆ ಕಡೆಯ ವೃಷಣವನ್ನೇ ಆಪರೇಷನ್ ಮಾಡಿ ತೆಗೆದರು. ಕ್ಯಾನ್ಸರ್, ಅಲ್ಲಿಂದ ಕಣ್ಣಿಗೆ ಹೋಗಿದೆ, ಹೀಗಾಗುವುದು ತೀರಾ ಅಪರೂಪ ಎಂದರು. ಇನ್ನಷ್ಟು ಡಾಕ್ಟರುಗಳು ಬಂದು ನೋಡಿಕೊಂಡು ಹೋದರು. ಓದುವಾಗ ಒಬ್ಬ ಮೇಷ್ಟ್ರೂ ನನ್ನನ್ನು ಅಪರೂಪ ಅಂದಿರಲಿಲ್ಲ.

“ಇದು ಔಷಧಿಗೆ ಬಗ್ಗೋ ಜಾತಿ. ಜೀವದ ಬಗ್ಗೆ ಆಸೆ ಇಟ್ಕೊಬೋದು,” ಎಂದರು ಕ್ಯಾನ್ಸರ್ ಡಾಕ್ಟರು. “ಕಣ್ಣಿನ ವಿಚಾರ ಈಗ ಏನೂ ಹೇಳೋಕಾಗಲ್ಲ.”

ಕೀಮೋ ಶುರುವಾಯಿತು. ಕೂದಲು ಹೋಯಿತು, ನಾಲಿಗೆಗೆ ತುಕ್ಕಿನ ರುಚಿ ಬಂತು, ಕಿವಿಯಲ್ಲಿ ಸದಾ ಕುಕ್ಕರ್ ಕೂಗುವ ಸದ್ದು. ಅವ್ವನಿಗೆ ನಾನು ಕಣ್ಣಿನದಷ್ಟೇ ಹೇಳಿದ್ದೆ; ಬೀದಿಗೆಲ್ಲ ಅವಳು ಹೇಳಿದ್ದೂ ಅದೊಂದೇ ಮಾತು: ‘ಕಣ್ಣು’. ಹಾಗಾಗಿ ನೋಡಲು ಬಂದವರೆಲ್ಲ ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆ ಸೊಪ್ಪು ತಂದರು. ಬೆಳಿಗ್ಗೆ ಪಲ್ಯ, ಮಧ್ಯಾಹ್ನ ಬಸ್ಸಾರು.

“ತಿನ್ನು ಮಗಾ, ಕಣ್ಣು ನಿಗಿನಿಗಿ ಅಂತದೆ,” ಎಂದು ಎದುರುಮನೆಯ ದೊಡ್ಡವ್ವ ಹೇಳಿದರೆ, “ಕಣ್ಣಿಗೆ ಇಳಿಯೋಕ್ ಮುಂಚೆ ವಾಂತಿ ಆಗೋಯ್ತದೆ ದೊಡ್ಡವ್ವಾ,” ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಅವ್ವ ಬಕೆಟ್ ತೊಳೆಯಲು ಎದ್ದು ಹೋಗುತ್ತಿದ್ದಳು.

ಮೈಯಲ್ಲಿ ಸ್ವಲ್ಪ ತ್ರಾಣ ಬಂದಾಗ ಅವ್ವ ನಂಜನಗೂಡಿಗೆ ಹೊರಡಿಸಿದಳು. ಹಿಂದೆ ಆನೆಯ ಕಣ್ಣು ವಾಸಿ ಮಾಡಿದ ದೇವರು ನಮ್ಮ ನಂಜುಂಡಪ್ಪ. ಗುಡಿಯ ಮುಂದಿನ ಅಂಗಡಿಯಲ್ಲಿ ಹರಕೆಯ ಬೆಳ್ಳಿ ತಗಡುಗಳು ಸಾಲಾಗಿದ್ದವು: ಕಣ್ಣು, ಕೈ, ಕಾಲು, ತೊಟ್ಟಿಲು. ಅವ್ವ ಕಣ್ಣಿನ ಜೋಡಿ ತೆಗೆದುಕೊಂಡಳು. ಆಮೇಲೂ ಕದಲಲಿಲ್ಲ. ತಗಡುಗಳನ್ನು ಒಂದೊಂದಾಗಿ ಸರಿಸಿ ಸರಿಸಿ ಹುಡುಕಿದಳು.

“ಇನ್ನೇನ್ ಬೇಕವ್ವಾ?” ಎಂದ ಅಂಗಡಿಯವನು.

ಅವ್ವನಿಗೆ ಎಲ್ಲ ಗೊತ್ತು ಎಂಬುದು ನನಗೆ ಆಗ ತಿಳಿಯಿತು. ಭಾವ ಅಕ್ಕನಿಗೆ, ಅಕ್ಕ ಅವ್ವನಿಗೆ ಹೇಳಿರಬೇಕು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅತ್ತ ಇತ್ತ ನೋಡಿದಳು. ನಾನು ಏನಾದರೂ ತಮಾಷೆ ಮಾಡಬೇಕಿತ್ತು. ತೊಟ್ಟಿಲಿನ ತಗಡು ಎತ್ತಿಕೊಂಡು ಮತ್ತೆ ಅಲ್ಲೇ ಇಟ್ಟೆ.

“ಇಡೀ ಮನ್ಸ ಇದ್ದದಾಪ್ಪಾ? ತಲೆಯಿಂದ ಕಾಲ್ಗಂಟ?” ಎಂದಳು ಅವ್ವ.

ಅವನು ಬೆರಳುದ್ದದ ಆಳಿನ ತಗಡೊಂದನ್ನು ಕೊಟ್ಟ. ತಿರುಗಿಸಿ ನೋಡಿದೆ. ಕಣ್ಣಿನ ಜಾಗದಲ್ಲಿ ಎರಡು ಚುಕ್ಕಿ. ನಡುವಿನ ಕೆಳಗೆ ಪೂರಾ ನುಣುಪು.

“ಅವ್ವಾ, ಇವನಿಗೆ ಒಂದೂ ಇಲ್ಲ. ನಂಗಾದ್ರೂ ಒಂದದೆ.”

ಅವ್ವ ನನ್ನ ಬೋಳುತಲೆಗೆ ಮೆಲ್ಲಗೆ ಹೊಡೆದಳು. ಹೊಡೆದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. “ಮುಚ್ಚ್ಲಾ ಬಾಯ. ವಾಸಿ ಆದ್ಮೇಲೆ ನಿನ್ನ ಕೈಯಾರೆ ಉಂಡಿಗೆ ಆಕ್ಬೇಕು. ಅಲ್ಲೀಗಂಟ ಮನೇಲಿರ್ಲಿ.”

ಕಣ್ಣನ್ನೂ ಆಳನ್ನೂ ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದಾಳೆ. ಕೀಮೋ ಇನ್ನೂ ಮುಗಿದಿಲ್ಲ. ದಿನಾ ಬೆಳಿಗ್ಗೆ ಅವಳು ದೀಪ ಹಚ್ಚಿ ನನ್ನನ್ನು ಕೂಗುತ್ತಾಳೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೂಡಿನ ಮುಂದೆ ನಿಲ್ಲುತ್ತೇನೆ. ಎಡಗಣ್ಣಿಗೆ ಏನು ಕಂಡಿತೆಂದು ನಾನು ಹೇಳುವವರೆಗೆ ಅವಳು ಬತ್ತಿ ಸರಿಮಾಡುತ್ತಲೇ ಇರುತ್ತಾಳೆ.

ಇವತ್ತು ಬಟ್ಟೆಯ ಹಳದಿ ಕಂಡಿತು. ಗಂಟು ಕಾಣಲಿಲ್ಲ.