ನೆಟ್ಟಗಾದ ಕಾಲು

ಕೆಂಭಾವಿ ಬಸ್ ಸ್ಟ್ಯಾಂಡಿನ ಹಿಂದ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಹೆಸರು ಬರಿಯೋ ಅಂಬ್ರಪ್ಪನ್ನ ನೋಡಿದ್ರ, ಇಂವ ಒಂದು ಕಾಲಕ್ಕ ದುನಿಯಾದ ಮಕ್ಕಳನ್ನ ನಗಿಸೋ ಕಂಪನಿಗೆ ಚಿತ್ರ ಬರದಾನ ಅಂತ ಯಾರೂ ನಂಬೂದಿಲ್ಲ. ಊರಾಗ ಹೇಳಿ ಹೇಳಿ ಅವನಿಗೂ ಸಾಕಾಗೇತಿ. ಈಗ ಸುಮ್ಮನ ಬ್ರಷ್ ಅದ್ದತಾನ, ಬರೀತಾನ.

ಆ ಕಂಪನಿ ಸಮುದ್ರದ ಆಚಿಂದು. ಅದರ ಇತಿಹಾಸದ ಪುಸ್ತಕ ಇಟ್ಟಂಗಿಯಷ್ಟು ದಪ್ಪ ಐತಿ. ಒಂದು ಛಾಪಖಾನಿ ಹಿಂದಿನ ಖೋಲ್ಯಾಗ ನಾಕು ಮಂದಿ ಕೂತು ಸುರು ಮಾಡಿದ್ರಂತ. ಮೊದಲು ಮೂಕ ಗೊಂಬಿ, ಆಮ್ಯಾಲ ಮಾತು, ಆಮ್ಯಾಲ ಬಣ್ಣ. ಸಿನಿಮಾ ಆತು, ಟಿವಿ ಆತು, ಆಟದ ಊರುಗಳಾದವು, ಕಡಿಗೆ ಹುಡುಗರ ಚಡ್ಡಿ ಮ್ಯಾಲೂ ಅವರ ಗೊಂಬಿನ. ಅಷ್ಟು ದೊಡ್ಡ ಪುಸ್ತಕದಾಗ ಹೈದರಾಬಾದ್ ಅನ್ನೋ ಹೆಸರು ಒಂದ ಸಲ ಬರತದ, ‘ಕೆಲಸದ ಒಂದಿಷ್ಟು ಭಾಗ ಅಲ್ಲಿ ನಡೀತು’ ಅಂತ. ಆ ಒಂದಿಷ್ಟು ಭಾಗದಾಗ ಅಂಬ್ರಪ್ಪನ ಹನ್ನೊಂದು ವರ್ಷ ಅದಾವ.

ಕುರಿ ಕಾಯೋ ಮಂದಿ ಮಗ ಅಂವ. ಇದ್ದಲಿಲೆ ಚಿತ್ರ ಬರದು ಸಾಲಿ ಗ್ವಾಡಿ ಕರಿ ಮಾಡಿದವನ್ನ ಡ್ರಾಯಿಂಗ್ ಮಾಸ್ತರ ಹೊಡೀಲಿಲ್ಲ, ಮುಂದ ದೊಡ್ಡವನಾದ ಮ್ಯಾಲ ಆ ಕಂಪನಿ ಕೆಲಸ ಹಿಡದಿದ್ದ ಹೈದರಾಬಾದಿನ ಸ್ಟುಡಿಯೋದಾಗ ಪರೀಕ್ಷಾ ಬರಿಸಿದ್ರು. ಪಾಸಾದ. ಕೆಲಸ ಏನಪ್ಪಾ ಅಂದ್ರ, ಗೊಂಬಿ ಕಾಲು ಎತ್ತೋ ಚಿತ್ರ ಕಂಪನಿಯವರು ಅಲ್ಲಿಂದ ಬರದು ಕಳಸ್ತಿದ್ರು, ಕಾಲು ಊರೋ ಚಿತ್ರಾನೂ ಅವರ ಕಳಸ್ತಿದ್ರು. ಆ ಎರಡರ ನಡುವಿನ ಚಿತ್ರ ಎಲ್ಲಾ ಅಂಬ್ರಪ್ಪನಂಥವರು ಬರೀಬೇಕು. ಮೊದಲಿಂದು ಅವರದು, ಕಡೀದು ಅವರದು, ನಡುವಿಂದು ನಂದು ಅಂತ ಅವ್ವನಿಗೆ ಹೇಳ್ತಿದ್ದ. ಹೆಸರು ಮಾತ್ರ ಪರದೆ ಮ್ಯಾಲ ಒಂದ ದಿನಾನೂ ಬರಲಿಲ್ಲ.

ಒಂದು ಸಿನಿಮಾದಾಗ ಕುರಿ ಕಾಯೋನು ಗುಡ್ಡ ಇಳದು ಬರೋ ಸೀನ್ ಇತ್ತು. ನಾಕ ಸೆಕೆಂಡು, ತೊಂಬತ್ತಾರು ಚಿತ್ರ. ಅದರಾಗ ಎಂಬತ್ನಾಕು ಅಂಬ್ರಪ್ಪನ ಪಾಲಿಗೆ ಬಂದವು. ಅವನ ಅಪ್ಪ ಬಾಲಪ್ಪ ಹರೇದಾಗ ಬಂಡಿಗಲ್ಲಿನ ಮ್ಯಾಲಿಂದ ಬಿದ್ದು ಬಲಗಾಲಿನ ಮಣಕಾಲು ಮಡಿಚದಂಗ ಮಾಡಿಕೊಂಡಿದ್ದ. ಕೋಲು ಹೆಗಲಿಗೆ ಅಡ್ಡ ಇಟ್ಟು, ಅದರ ಮ್ಯಾಲ ಎರಡೂ ಕೈ ಜೋತುಬಿಟ್ಟು, ಬಲಗಾಲು ಎಳಕೋತ ಹೆಜ್ಜಿಗೊಮ್ಮಿ ಎಡಕ್ಕ ವಾಲತಿದ್ದ. ಟೊಪಿಗಿ ಹಾಕಿದ ಆ ಪರದೇಶಿ ಗೊಂಬಿಗೆ ಅಂಬ್ರಪ್ಪ ಅದ ನಡಿಗಿ ಕೊಟ್ಟ. ಯಾಕ ಕೊಟ್ಟಿ ಅಂದ್ರ ಅವನಿಗೂ ಗೊತ್ತಿಲ್ಲ, ಕುರಿ ಕಾಯೋನು ಅಂದ್ರ ಅವನ ಕೈಗೆ ಆ ನಡಿಗಿ ಒಂದ ಗೊತ್ತಿತ್ತು. ಚಿತ್ರ ಪಾಸ್ ಮಾಡೋ ಸುಲ್ತಾನಸಾಬ ಹಾಳೆಗಳನ್ನ ಸರ್ರಂತ ತಿರುವಿ ನೋಡಿ ಇಂವ ಯಾರು ಅಂತ ಕೇಳಿದ. ನಮ್ಮಪ್ಪ ಅಂದ ಅಂಬ್ರಪ್ಪ. ಸಾಬ ಸಹಿ ಹಾಕಿದ. ಒಳ್ಳೇ ಮನಶಾ.

ಎರಡು ವರ್ಷಕ್ಕ ಬಾಲಪ್ಪ ಸತ್ತ. ಆಧಾರ ಕಾರ್ಡು ಅನ್ನೋದು ಇನ್ನೂ ಬಂದಿರಲಿಲ್ಲ. ಉಳದದ್ದು ರೇಷನ್ ಕಾರ್ಡಿನ ಫೋಟೋ ಒಂದ, ಅದರಾಗ ಮಾರಿ ಇತ್ತು, ನಡಿಗಿ ಎಲ್ಲಿಂದ ಬರಬೇಕು. ಸಿನಿಮಾದಾಗ ಅಪ್ಪನ್ನ ನಡಿಸೇನಿ ಅಂತ ಅಂಬ್ರಪ್ಪ ಬಾಯಿಬಿಟ್ಟಿದ್ದೇ ತಡ, ಅವ್ವ ರೇಣಮ್ಮ ಅದನ್ನ ಗಟ್ಟಿ ಹಿಡಕೊಂಡ್ಲು. ಒಮ್ಮಿ ತೋರಸೋ ಅಂತಿದ್ಲು. ತೋರಸೂದು ಹ್ಯಾಂಗ? ಆ ಕಂಪನಿ ಹಳೇ ಸಿನಿಮಾ ತಿಜೋರ್ಯಾಗಿಟ್ಟು ಕೀಲಿ ಹಾಕತಿತ್ತು, ಮನಸ್ಸಿಗೆ ಬಂದಾಗ ತಗೀತಿತ್ತು. ಹೈದರಾಬಾದಿನ ಫುಟ್‌ಪಾತಿನಾಗ ಸಿಡಿ ಹುಡುಕಿ ಹುಡುಕಿ ಅಂಬ್ರಪ್ಪನ ಚಪ್ಪಲಿ ಸವದವು. ಅಷ್ಟರಾಗ ಕಂಪ್ಯೂಟರ್ ಬಂತು, ಕೈಯಿಂದ ಬರೆಯೋರು ಬ್ಯಾಡಾದ್ರು, ಸ್ಟುಡಿಯೋಕ್ಕ ಬೀಗ ಬಿತ್ತು. ಬ್ರಷ್ ಹಿಡಕೊಂಡು ಊರಿಗೆ ಬಂದ.

ಹದಿನಾಲ್ಕು ವರ್ಷ ರೇಣಮ್ಮ ಕಾದ್ಲು. ಹೋದ ವರ್ಷ ಕಂಪನಿ ತನ್ನ ದೊಡ್ಡ ಹುಟ್ಟುಹಬ್ಬ ಮಾಡಿತು, ಹಳೇ ಸಿನಿಮಾ ಎಲ್ಲಾ ತಿಕ್ಕಿ ತೊಳದು ಮೊಬೈಲಿನಾಗ ಬಿಟ್ಟಿತು. ಹಳೇ ತಪ್ಪುಗಳನ್ನೂ ತಿದ್ದೇವಿ ಅಂತ ಹೆಮ್ಮೀಲೆ ಹೇಳಿಕೊಂಡಿತ್ತು. ಅಂಬ್ರಪ್ಪ ಆ ಮಾತಿಗೆ ಲಕ್ಷ್ಯ ಕೊಡಲಿಲ್ಲ. ಅವನಿಗೆ ಅವ್ವನ್ನ ಕೂಡಸೂದರ ಅವಸರ.

ಮಧ್ಯಾಹ್ನ ಬೇವಿನ ಗಿಡದ ನೆಳ್ಳಾಗ ಕೂತ್ರು. ರೇಣಮ್ಮ ಮಾರಿ ತೊಳಕೊಂಡು, ಒಗದ ಸೀರಿ ಉಟ್ಟು ಬಂದಿದ್ಲು. ಮೊಬೈಲಿನಾಗ ಗುಡ್ಡ ಬಂತು, ಕುರಿ ಬಂದವು, ಕುರಿ ಕಾಯೋನು ಬಂದ. ಕೋಲು ಹೆಗಲ ಮ್ಯಾಲಿತ್ತು. ಕಾಲು ನೆಟ್ಟಗಿತ್ತು. ಗುಡ್ಡದ ಮ್ಯಾಲಿಂದ ಟಕಟಕ ಇಳದು ಹೋದ. ಅಂಬ್ರಪ್ಪ ಹಿಂದಕ್ಕ ತಿರುವಿ ಮತ್ತ ಹಚ್ಚಿದ, ಮತ್ತೊಮ್ಮಿ ಹಚ್ಚಿದ. ಎಂಬತ್ನಾಕು ಚಿತ್ರಾನೂ ಕಂಪನಿ ತಿದ್ದಿದ ತಪ್ಪುಗಳ ಲೆಕ್ಕಕ್ಕ ಹೋಗಿದ್ದವು.

ರೇಣಮ್ಮ ಮೊಬೈಲು ಅವನ ಕೈಗೆ ಕೊಟ್ಲು.

“ಇಂವ ಬ್ಯಾರೆ ಯಾರೋ ಅದಾನಪ್ಪ. ನಿಮ್ಮಪ್ಪ ಹಿಂಗ ನಡೀತಿದ್ರ, ನಾ ಮೂವತ್ತು ವರ್ಷ ಅವನ ಹಿಂದ ಸಾವಕಾಶ ಯಾಕ ನಡೀತಿದ್ನಿ?”

ಅಂಬ್ರಪ್ಪ ಸುಲ್ತಾನಸಾಬಗ ಫೋನ್ ಹಚ್ಚಿದ. ಸಾಬ ಈಗ ಜೆರಾಕ್ಸ್ ಅಂಗಡಿ ಇಟ್ಟಾನ. ಹಾಳೆ ಎಲ್ಲಾ ಕಂಪನಿ ಕರಾರಿನ ಪ್ರಕಾರ ಆವಾಗ ಸುಟ್ಟಾರ, ತಿದ್ದದ ಹಳೇ ಸಿನಿಮಾ ಇನ್ನೆಲ್ಲೂ ಸಿಗೂದಿಲ್ಲ ಅಂದ. ಬ್ಯಾಸರ ಮಾಡಕೋಬ್ಯಾಡ ಅಂತ ಹೇಳಿ ತಾನ ಬ್ಯಾಸರ ಮಾಡಕೊಂಡ.

ಆಗಲಿ, ಮತ್ತ ಬರದ್ರಾತು ಅಂತ ಅಂಬ್ರಪ್ಪ ಹಾಳೆ ತಂದ. ಪೆನ್ಸಿಲ್ ಕೆತ್ತಿ ಕೂತ. ಮೊದಲಿನ ಚಿತ್ರ ಎಲ್ಲಿಂದ ಹಿಡೀಬೇಕು? ಜೀವಮಾನದಾಗ ಅಂವ ಮೊದಲಿಂದು ಬರದವನಲ್ಲ. ಹ್ಯಾಂಗೋ ಒಂದು ಕಾಲು ಎತ್ತಿಸಿದ, ಒಂದು ಊರಿಸಿದ. ನಡುವ ಮಣಕಾಲು ತಾನ ಮಡಿಚಿಕೊಂತು. ಅಳಿಸಿದ, ಬರದ, ಮತ್ತ ಮಡಿಚಿತು. ಮೊಬೈಲಿನಾಗ ಮೂರು ಸಲ ನೋಡಿದ್ದ ನಡಿಗಿ ಕೈಯಾಗ ಬಂದು ಕುಂತಿತ್ತು. ಅವನಿಗೆ ಕೈ ಕಡಕೋಬೇಕು ಅನಿಸಿತು.

ಎಂಟು ದಿನ ಹಾಳೆ ಕೆಡಿಸಿದ. ಒಂಬತ್ತನೇ ದಿನ ರೇಣಮ್ಮ ಬಂದು ಅವನ ಮುಂದಿನ ಹಾಳೆ ಮಗಚಿ ಹಾಕಿದ್ಲು. ಬೈಯಲಿಲ್ಲ, ಅಳಲಿಲ್ಲ.

“ಸಾಕು ಬಿಡೋ. ಅದನ್ನ ನೋಡಿದ ದಿನದಿಂದ ನಾ ಕಣ್ಣ ಮುಚ್ಚಿದ್ರ ನಿಮ್ಮಪ್ಪನೂ ನೆಟ್ಟಗ ನಡಿಯಾಕತ್ತಾನ.”