ಕರೆಂಟ್ ಹೋದಾಗ ಆಗುತ್ತಿದ್ದ ಅಡ್ಮಿಷನ್

1993ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಹೆಸರು ದೊಡ್ಡದು. ಕೆಲಸ ಮಾತ್ರ ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಸೇರಿಸುವುದು. ಮಕ್ಕಳೇ, ಈಗ ಆನ್‌ಲೈನ್ ಕಾಲೇಜಿನವರು ಫೋನ್ ಮಾಡಿದರೆ ನೀವು ಕಟ್ ಮಾಡಿ ನಗುತ್ತೀರಿ. ಆಗ ಫೋನಿನ ಬದಲು ನಾನೇ ಬಾಗಿಲಿಗೆ ಬರುತ್ತಿದ್ದೆ.

ಸಂಸ್ಥೆ ನೂಲಿನ ಅಂಗಡಿಯೊಂದರ ಮಹಡಿಯ ಮೇಲಿತ್ತು. ಎರಡು ಕೋಣೆ, ಒಂದು ಕಬ್ಬಿಣದ ಬೀರು. ತರಗತಿ ಅಂತ ಇರಲಿಲ್ಲ. ನರ್ಸರಿ ಟೀಚರ್ ಟ್ರೈನಿಂಗ್ ಪಾಠಗಳು ಅಂಚೆಯಲ್ಲಿ ಹೋಗುತ್ತಿದ್ದವು, ವರ್ಷ ಮುಗಿದ ಮೇಲೆ ಸರ್ಟಿಫಿಕೇಟ್ ಬರುತ್ತಿತ್ತು. ಅದಕ್ಕೆ ಸರ್ಕಾರದ ಮಾನ್ಯತೆ ಇರಲಿಲ್ಲ. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಅದು ನನಗೆ ಗೊತ್ತಾಗಿತ್ತು.

ನಿಮ್ಮ ತಾತ ತೀರಿಕೊಂಡು ವರ್ಷವಾಗಿತ್ತು. ನಾನು ದೊಡ್ಡಬೆಳವಂಗಲದ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳು. ನಾಲ್ಕು ಜನರ ಎದುರು ನನಗೆ ಬಾಯೇ ಬರುತ್ತಿರಲಿಲ್ಲ. ಅದನ್ನೇ ಡೈರೆಕ್ಟರಿಗೆ ಹೇಳಿದೆ. ಅವರು ನನ್ನ ಬೋಳು ಹಣೆ ನೋಡಿದರು.

"ನೀವು ಮಾತಾಡೋದೇ ಬೇಡಮ್ಮ, ಸುಮ್ನೆ ಕೂತಿದ್ರೆ ಸಾಕು. ಒಂದೇ ಮಾತು ಹೇಳಿ. ನನ್ನ ಕೈಲೊಂದು ಸರ್ಟಿಫಿಕೇಟ್ ಇದ್ದಿದ್ರೆ ಹೀಗೆ ಬಾಗಿಲು ಬಾಗಿಲು ತಿರುಗ್ತಿರ್ಲಿಲ್ಲ ಅಂತ. ಮಿಕ್ಕಿದ್ದು ಹೆತ್ತೋರೇ ಯೋಚ್ನೆ ಮಾಡ್ಕೋತಾರೆ. ಆಮೇಲೆ, ಹಣೆಗೆ ಸ್ಟಿಕ್ಕರ್ ಗಿಕ್ಕರ್ ಇಟ್ಕೊಂಡು ಬರ್ಬೇಡಿ."

ಸಂಬಳ ಅಷ್ಟಕ್ಕಷ್ಟೆ. ಒಂದೊಂದು ಅಡ್ಮಿಷನ್ನಿಗೂ ಕಮಿಷನ್ ಇತ್ತು. ಯಾರೂ ಸೇರದ ತಿಂಗಳು ಸಂಬಳವೂ ಇಲ್ಲ.

ನೇಕಾರರ ಮನೆಗಳಿಗೆ ಹೋಗುವುದಕ್ಕೆ ಹೊತ್ತು ಗೊತ್ತಿರಬೇಕಿತ್ತು. ಪವರ್‌ಲೂಮ್ ಓಡುವಾಗ ಕೂಗಿದರೂ ಕೇಳಿಸದು. ಕರೆಂಟ್ ಹೋದರೆ ಮಗ್ಗ ನಿಂತು ಮನೆಮಂದಿಯೆಲ್ಲ ಕೈಕಟ್ಟಿ ಕೂರುತ್ತಾರೆ. ಯಾವ ಬೀದಿಗೆ ಯಾವ ಹೊತ್ತಿಗೆ ಪವರ್ ಕಟ್ ಎಂದು ಡೈರೆಕ್ಟರು ತಿಳಿದಿಟ್ಟುಕೊಂಡು ಕಳಿಸುತ್ತಿದ್ದರು. ಮತ್ತೆ ಕರೆಂಟ್ ಬಂದ ಕೂಡಲೇ ಯಜಮಾನರಿಗೆ ಮಗ್ಗದ ಅವಸರ. ಅರ್ಜಿಯನ್ನು ಓದದೆ ಸಹಿ ಹಾಕಿ ಎದ್ದುಬಿಡುತ್ತಿದ್ದರು. ಒಬ್ಬ ಅಜ್ಜಿ, "ಏನಮ್ಮಾ, ಕರೆಂಟ್ ಆಫೀಸ್ನೋರು ನಿನಗೂ ಸಂಬಳ ಕೊಡ್ತಾರಾ? ಅದು ಹೋದ್ರೆ ಸಾಕು, ನೀನು ಬಂದ್ಬಿಡ್ತೀಯ!" ಎಂದು ನಗುತ್ತಿದ್ದಳು.

ರುಕ್ಮಿಣಿ ಸೇರಿದ್ದೂ ಹಾಗೆಯೇ. ನೇಕಾರರ ಮಗಳು, ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವಳು. ಅವಳ ತಾಯಿ ನನ್ನ ಹಣೆ ನೋಡಿ, ಮಗಳ ಹಣೆ ನೋಡಿ, "ಸೇರ್ಸ್ಕೊಳ್ಳಿ" ಎಂದರು. ಎಲ್ಲರಿಂದಲೂ ತೆಗೆದುಕೊಳ್ಳುವಂತೆ ಅವಳ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡೆವು. ಅದು ಬೀರುವಿನಲ್ಲಿ ಇರುವವರೆಗೆ ಹುಡುಗಿ ಬೇರೆಲ್ಲೂ ಸೇರುವ ಹಾಗಿಲ್ಲ.

ಎರಡು ತಿಂಗಳಿಗೆ ಅವಳಿಗೆ ಬೆಂಗಳೂರಿನ ಸರ್ಕಾರಿ ನರ್ಸಿಂಗ್ ಶಾಲೆಯಿಂದ ಇಂಟರ್‌ವ್ಯೂ ಬಂತು. ಒರಿಜಿನಲ್ ತರಬೇಕು. ಇನ್ನೊಂದು ಪ್ರತಿ ತೆಗೆಸಲು ತಿಂಗಳುಗಳೇ ಬೇಕು, ಇಂಟರ್‌ವ್ಯೂಗೆ ಒಂದು ವಾರವಿತ್ತು. ರುಕ್ಮಿಣಿ ಕಚೇರಿಗೆ ಓಡಿಬಂದಳು.

"ಕೊಡ್ತೀನಮ್ಮ, ಇಲ್ಲ ಅಂದೋರ್ಯಾರು?" ಎಂದರು ಡೈರೆಕ್ಟರು. "ಮಧ್ಯದಲ್ಲಿ ಬಿಡೋರು ಅವರ ಬದ್ಲು ಮೂರು ಜನನ್ನ ಸೇರಿಸ್ಬೇಕು. ನಮ್ಮ ರೂಲು." ಆ ರೂಲು ಹುಟ್ಟಿದ್ದೇ ಆ ಕ್ಷಣದಲ್ಲಿ. ನನ್ನ ಕಡೆ ಕೈ ತೋರಿಸಿ, "ಬಾಯೇ ಬರದ ಈಯಮ್ಮನೇ ಸೇರಿಸ್ತಾರೆ, ನಿನಗೇನಾಗಿದೆ?" ಎಂದರು.

ರುಕ್ಮಿಣಿ ಅಳಲಿಲ್ಲ. ಮೆಟ್ಟಿಲು ಇಳಿಯುತ್ತಾ ನನಗೆ ಹೇಳಿದಳು: "ಬನ್ನಿ ಅಕ್ಕಾ. ನೀವು ಸುಮ್ನೆ ಕೂತಿದ್ರೆ ಸಾಕು."

ಮೊದಲು ಅವಳ ಚಿಕ್ಕಮ್ಮನ ಮನೆ. ಕರೆಂಟ್ ಹೋಗಿತ್ತು. "ಚಿಕ್ಕಮ್ಮಾ, ಈ ಅಕ್ಕನ್ನ ನೋಡು. ನಾಳೆ ನಮ್ಮ ಮಂಜುಳಂಗೆ ಹಿಂಗಾದ್ರೆ ಗತಿಯೇನು?" ಎಂದಳು. ಅದುವರೆಗೆ ಆ ಮಾತನ್ನು ನಾನೇ ನನ್ನ ಬಗ್ಗೆ ಹೇಳಿಕೊಂಡಿದ್ದೆ. ಬೇರೆಯವರ ಬಾಯಲ್ಲಿ ಕೇಳಿದ್ದು ಆವತ್ತೇ. ಚಿಕ್ಕಮ್ಮ ಮಗಳ ಅರ್ಜಿಗೆ ಗಂಡನ ಕೈಲಿ ಸಹಿ ಮಾಡಿಸಿದರು. ಮಾರನೆಯ ದಿನ ಎದುರುಮನೆ ಹುಡುಗಿಯೂ ಸೇರಿದಳು.

ಇಂಟರ್‌ವ್ಯೂಗೆ ಎರಡು ದಿನವಿರುವಾಗ, ಬೆಳಿಗ್ಗೆ, ರುಕ್ಮಿಣಿ ನಮ್ಮ ಮನೆಗೇ ಬಂದಳು. ನಿಮ್ಮಮ್ಮ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದಳು.

"ಅಕ್ಕಾ, ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದಾಳಲ್ಲ, ಎಲ್ಲಿಗೆ ಸೇರಿಸಿದೀರಿ?"

"ಸರ್ಕಾರಿ ಕಾಲೇಜಿಗೆ."

"ನಮ್ಮಲ್ಲಿಗೆ ಯಾಕಿಲ್ಲ?"

ನಾನು ನಲ್ಲಿಯ ಕಡೆ ನೋಡಿದೆ.

"ಇನ್ನೊಬ್ಳೇ ಬೇಕಾಗಿರೋದು, ಅಕ್ಕಾ."

"ಆಗಲ್ಲ ಕಣೇ."

"ಯಾಕಾಗಲ್ಲ? ನಿಮ್ಮ ಮಗಳು ನಿಮ್ಮ ಹಾಗೆ ಬಾಗಿಲು ಬಾಗಿಲು ತಿರುಗ್ಬಾರ್ದಲ್ವಾ?"

ನಲ್ಲಿಯ ಹತ್ತಿರ ಬಿಂದಿಗೆ ತುಂಬಿ ಚೆಲ್ಲುತ್ತಿತ್ತು, ನಿಮ್ಮಮ್ಮ ಅದನ್ನು ಎತ್ತಲಿಲ್ಲ. ನಾನು ಎದ್ದು, "ಹೋಗೇ ಆಚೆ" ಎಂದೆ. ಆ ಕೆಲಸದಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

"ಹೋಗ್ತೀನಿ. ಗೊತ್ತಾಯ್ತು ಬಿಡಿ," ಎಂದು ಚಪ್ಪಲಿ ಮೆಟ್ಟಿದಳು.

ಗೊತ್ತಾದ ಮೇಲೂ ಅವಳು ಮೂರನೆಯವಳನ್ನು ಹುಡುಕಿದಳು. ನಸೀಮಾ, ಟೈಲರ್ ಒಬ್ಬರ ಮಗಳು, ರುಕ್ಮಿಣಿ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಅವಳಿಗೆ ನನ್ನ ಹಣೆ ತೋರಿಸುವ ಅಗತ್ಯವೂ ಬೀಳಲಿಲ್ಲ. ಗೆಳತಿ ಹೇಳಿದಳೆಂದು ಸೇರಿದಳು. ನಸೀಮಾಳ ಮಾರ್ಕ್ಸ್ ಕಾರ್ಡ್ ಬೀರುವಿನ ಒಳಗೆ ಹೋಯಿತು, ರುಕ್ಮಿಣಿಯದು ಹೊರಗೆ ಬಂತು. ರುಕ್ಮಿಣಿಗೆ ಸೀಟು ಸಿಕ್ಕಿತು.

ಮುಂದಿನ ಸೋಮವಾರ ಡೈರೆಕ್ಟರು ಬಹಳ ಖುಷಿಯಾಗಿದ್ದರು. "ಇನ್ಮೇಲೆ ಹುಡುಗೀರೇ ಹುಡುಗೀರನ್ನ ಕರ್ಕೊಂಡು ಬರ್ತಾರೆ ಕಣಮ್ಮ, ಪುಕ್ಕಟೆ. ನೀವು ನಾಳೆಯಿಂದ ಬರೋದು ಬೇಡ." ನಾನು ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದರು: "ಬೇಕಾದ್ರೆ ಸ್ಟಿಕ್ಕರ್ ಇಟ್ಕೊಳ್ಳಿ ಈಗ."

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಾಲೇಜಿಗೆ ಕರೆಯಲು ಬಂದವರನ್ನು ಫೀಸು, ಕೆಲಸ, ಹಾಸ್ಟೆಲ್ ಎಂದೆಲ್ಲ ಕೇಳಬೇಡಿ. ಅದಕ್ಕೆಲ್ಲ ಅವರಿಗೆ ಉತ್ತರ ಕಲಿಸಿ ಕಳಿಸಿರುತ್ತಾರೆ. ನಿಮ್ಮ ಮನೆ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿ. ನಾನು ಹತ್ತಿದ ಮನೆಗಳಲ್ಲಿ ಒಬ್ಬ ತಾಯಿಯೂ ಅದನ್ನು ಕೇಳಲಿಲ್ಲ.

ನಸೀಮಾ ಈಗಲೂ ಅವರಪ್ಪನ ಬೀದಿಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಿಮ್ಮಮ್ಮನ ಮದುವೆಯ ರವಿಕೆಗಳನ್ನು ಹೊಲಿದುಕೊಟ್ಟವಳು ಅವಳೇ. ಆ ಮೂರನೆಯ ಜಾಗಕ್ಕೆ ರುಕ್ಮಿಣಿ ಮೊದಲು ಕೇಳಿದ್ದು ಯಾರನ್ನು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.