ಗಿರಣಿ ಕಾಕುವಿನ ಮೂರು ‘ಯಾಕ’

ಅಲಖನೂರಿನ ಹಿಟ್ಟಿನ ಗಿರಣಿಯ ಮುಂದೆ ಮನುಷ್ಯರಿಗಿಂತ ಮೊದಲೇ ಡಬ್ಬಿಗಳು ಪಾಳಿ ಹಚ್ಚಿವೆ. ಎಣ್ಣೆಯ ಡಬ್ಬಿ, ಡಾಲ್ಡಾ ಡಬ್ಬಿ, ಮುಚ್ಚಳ ಕಳೆದುಕೊಂಡು ಬಾಯಿಗೆ ಹಳೆ ಸೀರೆಯ ತುಂಡು ಕಟ್ಟಿಸಿಕೊಂಡ ಡಬ್ಬಿ. ಬೆಳಗಿನ ಐದೂವರೆ. ಮಾರ್ಚ್ ಬಂದರೂ ಕಬ್ಬಿನ ಹೊಲಗಳ ಕಡೆಯಿಂದ ಇನ್ನೂ ತಂಪು ಗಾಳಿ ಬೀಸುತ್ತಿದೆ. ಕರೆಂಟು ಬರುವುದು ಆರಕ್ಕೆ, ಅದೂ ಅದರ ಮನಸ್ಸು ನೆಟ್ಟಗಿದ್ದರೆ. ಬಾಗಿಲಿಗೆ ತೂಗುಬಿಟ್ಟ ಕಂದೀಲಿನ ಕೆಳಗೆ ಹದಿನಾರು ಮಕ್ಕಳು ಕಾಲು ಮಡಚಿ ಕೂತಿದ್ದಾರೆ. ಏಳನೆತ್ತೆಯ, ಅಂದರೆ ಏಳನೆಯ ತರಗತಿಯ, ಪರೀಕ್ಷೆಗೆ ಇನ್ನು ಒಂಬತ್ತೇ ದಿನ.

ಒಳಗೆ ಅಕ್ಕುತಾಯಿ ಬಟ್ಟೆಯ ತುಂಡಿನಿಂದ ಮೋಟಾರಿನ ಮೇಲಿನ ಹಿಟ್ಟು ಒರೆಸುತ್ತಿದ್ದಾರೆ. ನಲವತ್ತಾರು ವರ್ಷ, ಗಿಡ್ಡ ಆಳು, ಹುಬ್ಬಿನ ಮೇಲೆ ಸದಾ ಒಂದು ಗೆರೆ ಹಿಟ್ಟು. ಊರಿಗೆಲ್ಲ ಅವರು ಗಿರಣಿ ಕಾಕು, ಗಿರಣಿಯ ಚಿಕ್ಕಮ್ಮ. ಒರೆಸುವ ಕೈ ನಿಲ್ಲಿಸದೆಯೇ ಹೊರಗೆ ಕೂತವರ ಕಡೆ ಒಂದು ಪ್ರಶ್ನೆ ಎಸೆಯುತ್ತಾರೆ. ಗಿರಣಿಯಿಂದ ಬಿದ್ದ ಹಿಟ್ಟು ಬೆಚ್ಚಗಿರುವುದು ಯಾಕೆ?

ಕಲ್ಲು ಬಿಸಿ ಇರುತ್ತದೆ, ಅದಕ್ಕೆ ಎಂದು ಒಬ್ಬಳು ಹೇಳುತ್ತಾಳೆ. ಕಲ್ಲು ಬಿಸಿಯಾಗುವುದು ಯಾಕೆ? ಕಲ್ಲಿಗೆ ಕಲ್ಲು, ಕಾಳು ತಿಕ್ಕುತ್ತವೆ. ಹಾಗಾದರೆ ಮನೆಯ ಬೀಸುಕಲ್ಲಿನ ಹಿಟ್ಟು ಇಷ್ಟು ಬಿಸಿಯಾಗುವುದಿಲ್ಲ, ಯಾಕೆ? ಇದು ಮೂರನೆಯ ‘ಯಾಕ’. ಉತ್ತರ ಹೇಳಿಬಿಡುವ ಅಭ್ಯಾಸ ಕಾಕುವಿಗಿಲ್ಲ. ಹೋಗಿ ಮನೆಯಲ್ಲಿ ಅಜ್ಜಿಯ ಬೀಸುಕಲ್ಲು ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ತಿರುವಿ, ಎರಡೂ ಸಲ ಹಿಟ್ಟು ಮುಟ್ಟಿ ನೋಡಿ ಬರಬೇಕು ಎಂದು ಅಪ್ಪಣೆಯಾಗುತ್ತದೆ.

“ಮೂರ ಸಲ ಯಾಕ ಅಂತ ಕೇಳ್ಬೇಕ್ರಿ,” ಎನ್ನುತ್ತಾರೆ ಅಕ್ಕುತಾಯಿ. “ಮೊದಲನೇ ಯಾಕಕ್ಕ ಪುಸ್ತಕ ಉತ್ತರ ಕೊಡ್ತೈತಿ. ಎರಡನೇದಕ್ಕ ಮಾಸ್ತರ ಕೊಡ್ತಾರ. ಮೂರನೇದಕ್ಕ ತಾವ ಹುಡುಕಬೇಕು. ಪರೀಕ್ಷಿದಾಗ ಬರೂದು ಆ ಮೂರನೇದ.”

ಆರು ಗಂಟೆ ಐದು ನಿಮಿಷಕ್ಕೆ ಕರೆಂಟು ಬರುತ್ತದೆ. ಮೋಟಾರು ಗುಡುಗಿದ ಮೇಲೆ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದು. ಆದ್ದರಿಂದ ಕರೆಂಟು ಬರುವ ತನಕ ಮಾತು, ಬಂದ ಮೇಲೆ ಬರವಣಿಗೆ. ಇದೇ ಈ ಶಾಲೆಯ ವೇಳಾಪಟ್ಟಿ. ಮಕ್ಕಳು ಡಬ್ಬಿಯ ಮುಚ್ಚಳವನ್ನೇ ಮಣೆ ಮಾಡಿಕೊಂಡು ಬರೆಯುತ್ತಾರೆ, ಕಾಕು ಜೋಳ ಸುರಿಯುತ್ತಲೇ ಕಣ್ಣಾಡಿಸಿ, ತಪ್ಪಿದ್ದಲ್ಲಿ ಹಿಟ್ಟಿನ ಬೆರಳಿನಿಂದ ಒಂದು ಬಿಳಿ ಚುಕ್ಕೆ ಇಡುತ್ತಾರೆ. ನಾಡಿನ ರೈತರೆಲ್ಲ ಶಪಿಸುವ ಕರೆಂಟಿನ ಕಣ್ಣಾಮುಚ್ಚಾಲೆಗೆ ಕೈಮುಗಿಯುವ ಜಾಗ ಇದೊಂದೇ ಇರಬೇಕು. ಸಂಜೆ ಇಲ್ಲಿ ಪಾಠವಿಲ್ಲ. ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ಅದಕ್ಕೂ ಮೊದಲು ಗಿರಣಿ ಗುಡಿಸಿರಬೇಕು.

ಅಕ್ಕುತಾಯಿಯ ತವರು ಕಾಗವಾಡದ ಕಡೆಯ ದ್ರಾಕ್ಷಿ ತೋಟದ ಮನೆ. ಆರನೆತ್ತೆ ಮುಗಿಸಿ ಏಳರ ಪುಸ್ತಕಗಳನ್ನು ಅಣ್ಣನಿಂದ ಇಸಿದುಕೊಂಡಿದ್ದರು. ಆ ಪುಸ್ತಕಗಳಿಗೆ ಹಾಳೆ ಸುತ್ತುವ ಹೊತ್ತಿಗೆ ಓದಿದ್ದು ಸಾಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಹದಿನೇಳಕ್ಕೆ ಅಲಖನೂರಿನ ತವನಪ್ಪನ ಮನೆ ತುಂಬಿದರು. ಗಿರಣಿ ತವನಪ್ಪನದು. ೧೯೮೪ರಲ್ಲಿ ಓಡುತ್ತಿದ್ದ ಮೋಟಾರಿನ ಬೆಲ್ಟಿಗೆ ಗಂಡನ ಬಲಗೈ ಸಿಕ್ಕಿತು. ಕೈ ಉಳಿಯಿತು, ಬೆರಳುಗಳ ಕಸುವು ಉಳಿಯಲಿಲ್ಲ. ಮೂರು ತಿಂಗಳು ಗಿರಣಿ ಮುಚ್ಚಿತ್ತು. ನಾಲ್ಕನೆಯ ತಿಂಗಳು ಅಕ್ಕುತಾಯಿ ಸೆರಗು ಬಿಗಿದು ಸ್ವಿಚ್ಚು ಒತ್ತಿದರು. ಹೆಂಗಸಿನ ಗಿರಣಿಯಲ್ಲಿ ಹಿಟ್ಟು ಸಣ್ಣಗಾಗುತ್ತದೆಯೇ ಎಂದು ಊರ ಗಂಡಸರು ಕಟ್ಟೆಯ ಮೇಲೆ ಕೂತು ಚರ್ಚಿಸಿದರಂತೆ. ರೊಟ್ಟಿ ಬಡಿಯುವ ಹೆಂಗಸರು ಚರ್ಚೆ ಮಾಡಲಿಲ್ಲ, ಡಬ್ಬಿ ಹೊತ್ತು ಬಂದರು.

ದಿನಕ್ಕೆ ನಲವತ್ತರಿಂದ ಐವತ್ತು ಡಬ್ಬಿ. ಹತ್ತು ದಿನಕ್ಕೊಮ್ಮೆ ಭಾರವಾದ ಮೇಲುಕಲ್ಲು ಎತ್ತಿ, ಸವೆದ ಮೈಗೆ ಉಳಿಪೆಟ್ಟು ಹಾಕಿ ಮತ್ತೆ ಹಲ್ಲು ಮೂಡಿಸಬೇಕು. ಅದನ್ನೂ ಅವರೇ ಮಾಡುತ್ತಾರೆ, ತವನಪ್ಪ ಎಡಗೈಯಲ್ಲಿ ಕಂದೀಲು ಹಿಡಿದು ಎಲ್ಲಿ ಹೊಡೆಯಬೇಕೆಂದು ತೋರಿಸುತ್ತಾರೆ. ಅಕ್ಕುತಾಯಿಯ ಎದೆಗೆ ಹಿಟ್ಟು ಹೋಗಿ ಹೋಗಿ ಚಳಿಗಾಲದಲ್ಲಿ ಕೆಮ್ಮು ಬಿಡದು. ಎಡಗಿವಿ ಅರ್ಧ ಕೇಳಿಸದು. ಮಕ್ಕಳೆಲ್ಲ ಅವರ ಬಲಕ್ಕೇ ಕೂರುವುದು ಅದಕ್ಕೆ.

ಪಾಠ ಶುರುವಾದದ್ದು ೧೯೮೬ರ ಬೇಸಿಗೆಯಲ್ಲಿ. ಡಬ್ಬಿ ತಂದ ಹುಡುಗಿಯೊಬ್ಬಳು ಪಾಳಿಯಲ್ಲಿ ಕೂತು ಗೈಡು ಹಿಡಿದು ಉರು ಹೊಡೆಯುತ್ತಿದ್ದಳು. ಕಾರಣ ಕೊಡಿ: ಮಣ್ಣಿನ ಗಡಿಗೆಯ ನೀರು ತಂಪಾಗಿರುತ್ತದೆ. ಉತ್ತರವನ್ನು ಉಸಿರು ಕಟ್ಟಿ ಐದು ಸಲ ಒಪ್ಪಿಸಿದಳು. ಅಕ್ಕುತಾಯಿ ಸುಮ್ಮನೆ ಕೇಳಿದರು: ಮಳೆಗಾಲದಲ್ಲಿ ಅದೇ ಗಡಿಗೆ ಅಷ್ಟು ತಂಪು ಮಾಡುವುದಿಲ್ಲವಲ್ಲ, ಯಾಕೆ? ಹುಡುಗಿ ಗೈಡಿನ ಹಿಂದು ಮುಂದಿನ ಹಾಳೆ ತಿರುವಿದಳು. ಗೈಡು ಬರೆದ ಪುಣ್ಯಾತ್ಮರು ಮಳೆಗಾಲದ ಗೋಜಿಗೆ ಹೋಗಿರಲಿಲ್ಲ. ಮರುದಿನ ಅವಳೇ ಉತ್ತರ ಹುಡುಕಿಕೊಂಡು ಓಡಿ ಬಂದಳು, ಜೊತೆಗೆ ಇಬ್ಬರು ಗೆಳತಿಯರನ್ನೂ ಕರೆತಂದಳು.

ಊರ ಶಾಲೆಯ ವಿರುಪಾಕ್ಷಪ್ಪ ಮಾಸ್ತರರಿಗೆ ಇದು ಗೊತ್ತಾಗಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನೇ ತಂದುಕೊಟ್ಟರು. ಅಂದಿನಿಂದ ಅಕ್ಕುತಾಯಿ ಒಂದು ವಹಿಯಲ್ಲಿ ಪ್ರಶ್ನೆ ಬರೆಯುತ್ತ ಬಂದಿದ್ದಾರೆ. ಈಗ ಅದರಲ್ಲಿ ನಾನೂರ ಹನ್ನೆರಡು ‘ಯಾಕ’ಗಳಿವೆ, ಉತ್ತರ ಒಂದೂ ಇಲ್ಲ. ತವರಿನಿಂದ ಬಂದ ಒಣದ್ರಾಕ್ಷಿಯೂ ಪಾಠಕ್ಕೆ ಬೀಳುತ್ತದೆ. ನೀರಿನಲ್ಲಿ ಹಾಕಿದರೆ ಉಬ್ಬುವ ದ್ರಾಕ್ಷಿ ಗಟ್ಟಿ ಸಕ್ಕರೆ ಪಾಕದಲ್ಲಿ ಯಾಕೆ ಉಬ್ಬುವುದಿಲ್ಲ? ಈ ಪ್ರಯೋಗಕ್ಕೆ ಮಾತ್ರ ಮಕ್ಕಳು ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ, ಪ್ರಯೋಗ ಮುಗಿದ ಮೇಲೆ ಸಾಕ್ಷಿ ಒಂದೂ ಉಳಿಯುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಜಾಣ ಹೆಂಗಸಿನ ಕತೆಯಾಗುತ್ತಿತ್ತು. ಆದರೆ ಗಿರಣಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಎದುರಿನ ಗೋಡೆ. ಅಲ್ಲಿ ನೀಲಿ ಬಣ್ಣದಲ್ಲಿ ಒಂದು ಪ್ರಶ್ನೆ, ಒಂದು ಉತ್ತರ, ಅದರ ಕೆಳಗೆ ಕೆಂಪಿನಲ್ಲಿ ‘ತಪ್ಪು. ಕಲಿಸಿದವರು ಅಕ್ಕುತಾಯಿ’ ಎಂದು ಬರೆದಿದೆ. ಯಾರ ಒತ್ತಾಯವೂ ಇಲ್ಲದೆ ಅವರೇ ಬರೆದದ್ದು.

ಅದು ೧೯೯೨ರ ಪ್ರಶ್ನೆ. ‘ಒಂದು ಊರಿನ ಜನ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾರೆ. ಆದರೂ ಆ ಊರಲ್ಲಿ ವಾಂತಿಭೇದಿ ಹರಡಿತು. ಕಾರಣ ಕೊಡಿ.’ ನಾಲ್ಕು ಅಂಕ. ಪರೀಕ್ಷೆ ಮುಗಿಸಿ ಓಡಿ ಬಂದ ಏಳು ಮಕ್ಕಳೂ ಒಂದೇ ಉತ್ತರ ಹೇಳಿದರು: ಆ ಜನ ಬಟ್ಟೆಯನ್ನು ಎರಡು ಮಡಿಕೆ ಮಾಡಿರಲಿಕ್ಕಿಲ್ಲ, ಒಂದೇ ಪದರದಲ್ಲಿ ಸೋಸಿರಬೇಕು, ಸೋಸಿದ ಬಟ್ಟೆಯನ್ನು ಅದೇ ಬಾವಿಯ ನೀರಿನಲ್ಲಿ ಜಾಲಿಸಿರಲಿಕ್ಕಿಲ್ಲ. ಅಕ್ಕುತಾಯಿ ಹಿಗ್ಗಿಹೋದರು. ದಿನಾ ಬೆಳಗ್ಗೆ ಅವರು ಮಾಡುವುದೇ ಅದು. ಬಟ್ಟೆ ಎರಡು ಮಡಿಕೆ ಮಾಡಿ ನೀರು ಸೋಸುತ್ತಾರೆ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ಮೆಲ್ಲಗೆ ಜಾಲಿಸಿ, ಆ ನೀರನ್ನು ಸೇದಿದ ಬಾವಿಗೇ ಇಳಿಸುತ್ತಾರೆ. ಜೈನರ ಮನೆಗಳಲ್ಲಿ ಇದು ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಪದ್ಧತಿ. ಅದನ್ನು ನೋಡುತ್ತಲೇ ಬೆಳೆದ ಮಕ್ಕಳಿಗೆ ಬೇರೆ ಕಾರಣ ಹೊಳೆಯುವುದಾದರೂ ಹೇಗೆ?

ಮಾಸ್ತರರು ಪ್ರಶ್ನೆ ಓದಿ, ಮಕ್ಕಳ ಉತ್ತರ ಕೇಳಿ, ಪತ್ರಿಕೆ ಮಡಚಿಟ್ಟರು. ಆಮೇಲೆ ಮೆತ್ತಗೆ ಹೇಳಿದರು: ಬಟ್ಟೆ ಎಷ್ಟು ಮಡಿಕೆ ಮಾಡಿದರೂ ರೋಗದ ಕ್ರಿಮಿಗಳು ಅದರ ಎಳೆಗಳ ನಡುವೆ ನುಸುಳುತ್ತವೆ, ನೀರನ್ನು ಕುದಿಸಬೇಕು. ಅಕ್ಕುತಾಯಿ ತಿರುಗಿ ನೋಡಿದರು. ಗಿರಣಿಗೆ ಹತ್ತಿದ ಮನೆಯ ಬಾಗಿಲಲ್ಲಿ ಅತ್ತೆ ಸೋನಾಬಾಯಿ ತಮ್ಮ ಹಿತ್ತಾಳೆಯ ತಂಬಿಗೆಯಿಂದ ನೀರು ಕುಡಿಯುತ್ತಿದ್ದರು. ವ್ರತ ಹಿಡಿದ ಹಿರಿಯರು, ಹದಿನೆಂಟು ವರ್ಷಗಳಿಂದ ಕುದಿಸಿದ ನೀರನ್ನಲ್ಲದೆ ಬೇರೆ ಮುಟ್ಟಿದವರಲ್ಲ. ಹಿಂದಿನ ಮಳೆಗಾಲದಲ್ಲಿ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿದಾಗ ಎದ್ದು ಓಡಾಡಿ ಗಂಜಿ ಕಾಯಿಸಿಕೊಟ್ಟವರು ಅವರೊಬ್ಬರೇ.

“ಉತ್ತರ ನಮ್ಮ ಒಲಿ ಮ್ಯಾಲ ದಿನಾ ಕುದ್ಯಾಕತ್ತಿತ್ರಿ,” ಎನ್ನುವಾಗ ಅಕ್ಕುತಾಯಿಯ ದನಿ ಇಂದಿಗೂ ಇಳಿಯುತ್ತದೆ. “ಊರ ಮಕ್ಕಳಿಗೆಲ್ಲಾ ಮೂರ ಸಲ ಯಾಕ ಅಂತ ಕೇಳಾಕಿ, ನನ್ನ ಮನಿ ನೀರಿಗೆ ಒಂದ ಸಲನೂ ಕೇಳಿರಲಿಲ್ಲ. ನಾವು ಸೋಸೂದು ಆ ಜೀವಗೋಳು ಉಳೀಲಿ ಅಂತ. ಅದರಿಂದ ನಮ್ಮ ರೋಗಾನೂ ಹೋಗತೈತಿ ಅಂತ ನಾನ ಸೇರಿಸಿಕೊಂಡಿದ್ದೆ.”

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಆರು ಮಕ್ಕಳು ಬೇರೆ ಉತ್ತರಗಳ ಬಲದಿಂದ ಪಾರಾದರು. ಸೀತವ್ವ ಎಂಬ ಹುಡುಗಿಗೆ ವಿಜ್ಞಾನದಲ್ಲಿ ಮೂವತ್ತಮೂರು ಬಂದಿತ್ತು, ಪಾಸಾಗಲು ಎರಡು ಅಂಕ ಕಡಿಮೆ. ಸೀತವ್ವನ ತಂದೆ ಮುರಗೆಪ್ಪ ಕೆಟ್ಟವರಲ್ಲ, ಆದರೆ ನಪಾಸಾದ ಮಗಳನ್ನು ಮತ್ತೆ ಶಾಲೆಗೆ ಕಳಿಸುವುದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಪಾಟಿಚೀಲ ಅಟ್ಟ ಸೇರಿತು, ವರ ನೋಡುವ ಮಾತು ಹೊರಟಿತು. ಅಕ್ಕುತಾಯಿಯೂ ಅದೇ ಏಳನೆತ್ತೆಯ ಹೊಸ್ತಿಲಲ್ಲೇ ನಿಂತುಹೋದವರು. ಈ ಸುದ್ದಿ ಒಂದು ಸಂಜೆ ಅವರ ಕಿವಿಗೆ ಬಿತ್ತು.

ಮರುದಿನ ಬೆಳಗ್ಗೆ ಕರೆಂಟು ಇದ್ದೂ ಗಿರಣಿ ತೆರೆಯಲಿಲ್ಲ. ಪಾಳಿ ಹಚ್ಚಿದ ಡಬ್ಬಿಗಳನ್ನು ದಾಟಿಕೊಂಡು ಅಕ್ಕುತಾಯಿ ನೇರ ಮುರಗೆಪ್ಪನ ಮನೆಗೆ ನಡೆದರು. ಕೂರಿ ಎಂದರೂ ಕೂರಲಿಲ್ಲ. ಎರಡು ಅಂಕಗಳ ಕತೆಯನ್ನು ಬಿಡಿಸಿ ಹೇಳಿದರು. ಬಟ್ಟೆ, ಮಡಿಕೆ, ಬಾವಿ, ಕುದಿಸಿದ ನೀರು, ಎಲ್ಲ.

“ನಪಾಸ ಆದಾಕಿ ನಾನು, ನಿಮ್ಮ ಮಗಳಲ್ಲ,” ಎಂದರು. “ನನ್ನ ತಪ್ಪಿಗೆ ಅಕಿನ್ನ ಯಾಕ ಮನ್ಯಾಗ ಕೂಡಸ್ತೀರಿ?”

ಮುರಗೆಪ್ಪ ಎದ್ದು ಹೋಗಿ ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದರು. “ವೈನಿ, ಒಂದ ವರ್ಷ ಕೊಡ್ತೇನಿ. ಇನ್ನೊಮ್ಮೆ ನಪಾಸ ಆದ್ರ ನೀವ ಬಂದು ಅಕಿಗಿ ಹೇಳ್ಬೇಕು, ಸಾಕು ಬಿಡವ್ವಾ ಅಂತ,” ಎಂದರು.

ಆ ಒಂದು ವರ್ಷ ಗಿರಣಿಯಲ್ಲಿ ಪ್ರಶ್ನೆ ಕೇಳುವ ಕ್ರಮವೇ ಬದಲಾಯಿತು. ಗೋಡೆಯ ಬರಹ ಹುಟ್ಟಿದ್ದು ಆಗಲೇ. ಮಕ್ಕಳು ಮೊದಲ ದಿನ ಅದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಕಾಕು ಹೇಳಿದ ಮಾತಿಗೂ ‘ಯಾಕ’ ಎನ್ನಬೇಕು. ಎಲ್ಲರಿಗಿಂತ ಹೆಚ್ಚು ಸಲ ‘ಯಾಕ’ ಎಂದವಳು ಸೀತವ್ವ. ರೊಟ್ಟಿ ಬಡಿದು, ಎಮ್ಮೆಯ ಸಗಣಿ ಬಳಿದು, ಐದೂವರೆಗೆಲ್ಲ ಹಾಜರಾಗುತ್ತಿದ್ದಳು. ಮುಂದಿನ ಮೇ ತಿಂಗಳಲ್ಲಿ ಅವಳ ಅಂಕ ಎಪ್ಪತ್ತೊಂದು. ಮುರಗೆಪ್ಪ ತಾವೇ ಗೋಧಿಯ ಡಬ್ಬಿ ಹೊತ್ತು ಬಂದು, ಪಾಳಿಯಲ್ಲಿ ನಿಂತು, ಹಿಟ್ಟು ಬೀಸಿಸಿಕೊಂಡು ಹೋದರು. ಅಷ್ಟು ಸಾಕಿತ್ತು.

ಈಗ ಸೀತವ್ವ ರಾಯಬಾಗದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಓದುತ್ತಾಳೆ. ರವಿವಾರ ಅವಳೂ ಈ ಪಾಳಿಯ ಪಕ್ಕಕ್ಕೆ ಕೂತು ಮಕ್ಕಳ ಉತ್ತರ ತಿದ್ದುತ್ತಾಳೆ. ಕಳೆದ ತಿಂಗಳು ಅವಳು ಕಾಕುವಿಗೆ ತಿಳಿಸದೆ ಅವರ ಗಡಿಗೆಯ ಸೋಸಿದ ನೀರನ್ನು ಒಂದು ಔಷಧಿ ಶೀಶೆಯಲ್ಲಿ ಒಯ್ದಿದ್ದಳು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿ ತಂದಳು. ಒಂದು ದುಂಡು ಗೆರೆಯೊಳಗೆ ಕಡ್ಡಿಯಂಥವು, ಚಪ್ಪಲಿಯ ಅಟ್ಟೆಯಂಥವು, ಬಾಲ ಇದ್ದವು. ಎರಡು ಮಡಿಕೆಯ ಬಟ್ಟೆ ದಾಟಿ ಬಂದ ಜೀವಗಳು. ಅಕ್ಕುತಾಯಿ ಆ ಹಾಳೆಯನ್ನು ಗೋಡೆಯ ತಪ್ಪಿನ ಕೆಳಗೇ ಅಂಟಿಸಿದ್ದಾರೆ. ಈಗ ಮನೆಯಲ್ಲಿ ಎಲ್ಲರಿಗೂ ಕುದಿಸಿದ ನೀರು. ಆದರೂ ಸೋಸುವುದನ್ನು ಬಿಟ್ಟಿಲ್ಲ, ಬಾವಿಗೆ ಮರಳಿಸುವುದನ್ನೂ ಬಿಟ್ಟಿಲ್ಲ. ಕುದಿಸಿದರೆ ಆ ಜೀವಗಳು ಏನಾಗುತ್ತವೆ ಎಂದು ಒಬ್ಬ ಹುಡುಗಿ ಕೇಳಿದಳಂತೆ. ಆ ಪ್ರಶ್ನೆಯನ್ನೂ ವಹಿಗೆ ಹಾಕಿದ್ದಾರೆ, ನಾನೂರ ಹನ್ನೆರಡನೆಯದು ಅದೇ.

ಎಂಟು ಗಂಟೆಗೆ ಕರೆಂಟು ಹೋಗುತ್ತದೆ. ಮಕ್ಕಳು ಬೆಚ್ಚಗಿನ ಡಬ್ಬಿಗಳನ್ನು ತಲೆಗೇರಿಸಿ ಹೊರಡುತ್ತಾರೆ. ಹನ್ನೊಂದು ವರ್ಷದಲ್ಲಿ ಇಲ್ಲಿಂದ ಪರೀಕ್ಷೆಗೆ ಹೋದವರು ನೂರ ಮೂವತ್ತಕ್ಕೂ ಹೆಚ್ಚು. ಯಾವ ದಫ್ತರದಲ್ಲೂ ಈ ಶಾಲೆಯ ಹೆಸರಿಲ್ಲ, ಶಿಕ್ಷಕಿಯ ಹೆಸರು ಇರುವುದು ಗೋಡೆಯ ಮೇಲಿನ ಆ ಕೆಂಪು ಅಕ್ಷರಗಳಲ್ಲಿ ಮಾತ್ರ. ನಿಮಗೇನು ಬೇಕು ಎಂದು ಕೇಳಿದರೆ ಅಕ್ಕುತಾಯಿ ಮೊದಲು ನಗುತ್ತಾರೆ, ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತಾರೆ. ಪರೀಕ್ಷೆಗಳು ಮುಗಿದ ಮೇಲೆ ಕಾಕುವನ್ನು ಕಾಲೇಜಿಗೆ ಕರೆದುಕೊಂಡು ಬಾ ಎಂದು ಅಲ್ಲಿಯ ಸರ್ ಸೀತವ್ವನಿಗೆ ಹೇಳಿದ್ದಾರಂತೆ.

“ಆ ಯಂತ್ರದಾಗ ನಮ್ಮ ಗಡಿಗಿ ನೀರು ನನ್ನ ಕಣ್ಣಿಲೆ ಒಮ್ಮೆ ನೋಡ್ಬೇಕ್ರಿ, ಅಷ್ಟ,” ಎನ್ನುತ್ತಾರೆ. ಆಮೇಲೆ ಏನೋ ನೆನಪಾದಂತೆ ಬಲಗಿವಿ ಈ ಕಡೆ ತಿರುಗಿಸಿ, ದನಿ ತಗ್ಗಿಸಿ ಹೇಳುತ್ತಾರೆ: “ನೋಡಿ ಆದ ಮ್ಯಾಲ ಆ ನೀರು ಅಲ್ಲೆ ಚೆಲ್ಲಬ್ಯಾಡಾ ಅಂತ ಸೀತವ್ವಗ ಹೇಳೇನ್ರಿ. ಶೀಶೇದಾಗ ತಂದು ನಮ್ಮ ಬಾವ್ಯಾಗ ಬಿಡ್ತೇನಿ.”